ಶ್ರೀಲಂಕಾ ಸುತ್ತಾಟ: ಯಾವ ದಾರಿಗೆ ಯಾವ ವಾಹನ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಇಲ್ಲಿಂದ ಹೊರಡುವವರಲ್ಲಿ ಅನೇಕರು ಚಾಲಕನ ಸಮೇತ ಕಾರೊಂದನ್ನು ಇಡೀ ಪ್ರವಾಸಕ್ಕೆ ಗೊತ್ತುಮಾಡಿಕೊಳ್ಳುತ್ತಾರೆ. ವಯಸ್ಸಾದವರು ಅಥವಾ ಪುಟ್ಟ ಮಕ್ಕಳು ಜೊತೆಗಿದ್ದರೆ ಅದು ಸರಿಯಾದ ಏರ್ಪಾಡು. ಉಳಿದವರು ಆಯಾ ದಾರಿಗೆ ತಕ್ಕ ವಾಹನವನ್ನು ಬೇರೆಬೇರೆಯಾಗಿ ಆರಿಸಿಕೊಂಡರೆ ಖರ್ಚೂ ಕಡಿಮೆ, ದೇಶವನ್ನು ಹತ್ತಿರದಿಂದ ನೋಡಿದಂತೆಯೂ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಬೆಟ್ಟದ ರೈಲಿನ ಟಿಕೆಟ್ ಗಟ್ಟಿಮಾಡಿಕೊಳ್ಳಿ. ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಹೊರಡುವ ಈ ಮಾರ್ಗ ಚಹಾ ತೋಟಗಳ ನಡುವೆ ಏರುತ್ತಾ, ಸುಮಾರು 1,890 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣವನ್ನು ದಾಟಿ, ‘ಎಲ್ಲ’ ಎಂಬ ಹೆಸರಿನ ಊರಿನ ಮೂಲಕ ಬದುಲ್ಲ ತಲುಪುತ್ತದೆ. ನುವರ ಎಲಿಯಕ್ಕೆ ಹೋಗುವವರು ‘ನಾನು ಓಯ’ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ‘ಎಲ್ಲ’ ಮತ್ತು ದೆಮೋದರ ನಿಲ್ದಾಣಗಳ ನಡುವೆ ಒಂಬತ್ತು ಕಮಾನುಗಳ ಸೇತುವೆ ಸಿಗುತ್ತದೆ. ದೆಮೋದರದಲ್ಲಿ ಹಳಿ ಒಂದು ಸುತ್ತು ಸುತ್ತಿ, ಅದೇ ನಿಲ್ದಾಣದ ಅಡಿಯಿರುವ ಸುರಂಗದಲ್ಲಿ ಹಾದುಹೋಗುತ್ತದೆ. ಸೀಟು ಕಾಯ್ದಿರಿಸುವಿಕೆ ಪ್ರಯಾಣಕ್ಕೆ 30 ದಿನ ಮೊದಲು ಆರಂಭವಾಗುತ್ತದೆ ಮತ್ತು ಪ್ರವಾಸಿಗರು ಹೆಚ್ಚಿರುವ ತಿಂಗಳುಗಳಲ್ಲಿ ಬಹುಬೇಗ ಮುಗಿಯುತ್ತದೆ. ಸಿಗದಿದ್ದರೆ ನಿರಾಶರಾಗಬೇಕಿಲ್ಲ; ಕಾಯ್ದಿರಿಸದ ಎರಡನೇ ಅಥವಾ ಮೂರನೇ ದರ್ಜೆಯ ಟಿಕೆಟನ್ನು ಅಂದೇ ಕೌಂಟರಿನಲ್ಲಿ ಕೊಳ್ಳಬಹುದು, ಆದರೆ ನಿಂತು ಹೋಗಲು ಸಿದ್ಧರಿರಬೇಕು. ಕೆಲವು ರೈಲುಗಳು ಕ್ಯಾಂಡಿಗೆ ಹೋಗದೆ ಅದರ ಸಮೀಪದ ಪೇರಾದೆನಿಯದಿಂದಲೇ ಮುಂದೆ ಸಾಗುವುದರಿಂದ ಹತ್ತುವ ನಿಲ್ದಾಣವನ್ನು ಖಚಿತಪಡಿಸಿಕೊಳ್ಳಿ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಈ ಮಾರ್ಗಕ್ಕೆ ಭಾರಿ ಹಾನಿ ಮಾಡಿತು. ಆದ್ದರಿಂದ ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿದ ಮೇಲೆಯೇ ಹೋಟೆಲು ಗೊತ್ತುಮಾಡಿ.

ದಕ್ಷಿಣದ ಗಾಲೆಗೆ ಹೋಗುವಾಗ ಕರಾವಳಿ ರೈಲನ್ನೇ ಹಿಡಿಯಿರಿ, ಬಲಗಡೆಯ ಕಿಟಕಿಯ ಪಕ್ಕ ಕೂರಿರಿ; ಬಹುದೂರದವರೆಗೆ ಸಮುದ್ರ ಹಳಿಯ ಪಕ್ಕದಲ್ಲೇ ಇರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಪೆರಾಲಿಯ ಎಂಬಲ್ಲಿ ತುಂಬಿದ ರೈಲನ್ನು ಕೊಚ್ಚಿಕೊಂಡು ಹೋದದ್ದು ಇದೇ ದಾರಿಯಲ್ಲಿ. ಮರಳುವಾಗ ಅವಸರವಿದ್ದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಓಡುವ ಹವಾನಿಯಂತ್ರಿತ ಬಸ್ಸು ಉತ್ತಮ. ಅದು ಕೊಲಂಬೊ ಹೊರವಲಯದ ಮಾಕುಂಬುರ ನಿಲ್ದಾಣಕ್ಕೆ ತಲುಪಿಸುತ್ತದೆ.

ದಂಬುಲ್ಲ, ಸಿಗಿರಿಯದ ಕಡೆಗೆ ಬಸ್ಸೇ ಅನುಕೂಲ. ಕ್ಯಾಂಡಿಯಿಂದ ದಂಬುಲ್ಲಕ್ಕೆ ಹೋಗಿ, ಅಲ್ಲಿಂದ ಸಿಗಿರಿಯಕ್ಕೆ ಇನ್ನೊಂದು ಬಸ್ಸು ಅಥವಾ ಆಟೊ ಹಿಡಿಯಬೇಕು. ಕೆಂಪು ಬಸ್ಸುಗಳು ಸರ್ಕಾರದವು. ಬಸ್ಸಿನ ಮುಂದಿರುವ ಮಾರ್ಗಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಹಿಡಿದು ರೂಢಿಯಿರುವ ನಮ್ಮವರಿಗೆ ಯಾವ ಗೊಂದಲವೂ ಆಗದು. ಚಾಲಕನ ಹಿಂದಿನ ಮೊದಲ ಸೀಟುಗಳು ಬೌದ್ಧ ಭಿಕ್ಷುಗಳಿಗೆ ಮೀಸಲು. ಅಲ್ಲಿ ಕೂತಿದ್ದಾಗ ಭಿಕ್ಷು ಹತ್ತಿದರೆ ಕೇಳುವ ಮೊದಲೇ ಎದ್ದು ಜಾಗ ಬಿಡುವುದು ಮರ್ಯಾದೆ.

ಊರೊಳಗೆ ಆಟೊಗೆ ಪಿಕ್‌ಮಿ ಆ್ಯಪ್ ಬಳಸಿ. ಆ್ಯಪ್ ಸಿಗದ ಊರುಗಳಲ್ಲಿ ಹತ್ತುವ ಮುನ್ನವೇ ಬಾಡಿಗೆ ಮಾತಾಡಿಕೊಳ್ಳಿ.

ಸ್ವತಃ ಓಡಿಸುವ ಆಸೆಯಿದ್ದರೆ ಸಿದ್ಧತೆ ಬೆಂಗಳೂರಿನಲ್ಲೇ ಶುರುವಾಗಬೇಕು. ನಿಮ್ಮ ಆರ್‌ಟಿಒ ಮೂಲಕ ಒಂದು ವರ್ಷ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅಷ್ಟೇ ಸಾಲದು, ಅಲ್ಲಿ ಇಳಿದ ಮೇಲೆ ಅದಕ್ಕೆ ಸ್ಥಳೀಯ ಮಾನ್ಯತೆಯೂ ಬೇಕು, ಬಾಡಿಗೆ ಆಟೊ ಓಡಿಸುವವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಅಲ್ಲೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ ಕಷ್ಟವೆನಿಸದು, ಆದರೂ ಬೆಟ್ಟದ ತಿರುವುಗಳಲ್ಲಿ ಖಾಸಗಿ ಬಸ್ಸುಗಳ ವೇಗವನ್ನು ಲಘುವಾಗಿ ಎಣಿಸಬೇಡಿ.

ವಿಮಾನ ನಿಲ್ದಾಣವಿರುವುದು ಕೊಲಂಬೊದಿಂದ 30 ಕಿಲೋಮೀಟರಿಗೂ ದೂರದ ಕಟುನಾಯಕದಲ್ಲಿ. ಮರಳುವ ವಿಮಾನ ನಸುಕಿನಲ್ಲಿದ್ದರೆ ಕೊನೆಯ ರಾತ್ರಿ ಹತ್ತಿರದ ನೆಗೊಂಬೊದಲ್ಲಿ ಉಳಿದು, ಬೆಳಗಿನ ಆಟೊವನ್ನು ಹಿಂದಿನ ಸಂಜೆಯೇ ಗೊತ್ತುಮಾಡಿಕೊಳ್ಳಿ.