ಪರದೆಯ ಆ ಕಡೆ ಡಾಕ್ಟರ್, ಈ ಕಡೆ ಅಜ್ಜಿ

ನಾನು ಮಲೆನಾಡಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ಸಿಸ್ಟರ್. ಇಲ್ಲಿ ಡಾಕ್ಟರ್ ಇರುವುದಿಲ್ಲ. ಬೇಕಾದಾಗ ಇ-ಸಂಜೀವನಿ ಅನ್ನುವ ಸರ್ಕಾರಿ ಆನ್‌ಲೈನ್ ಸೇವೆಯಲ್ಲಿ ಡಾಕ್ಟರಿಗೆ ವಿಡಿಯೊ ಕರೆ ಮಾಡಿ ರೋಗಿಯ ಜೊತೆ ಮಾತಾಡಿಸುತ್ತೇನೆ. ಕೇಂದ್ರ ಸರ್ಕಾರ ಇದನ್ನು 2019ರಲ್ಲಿ ಶುರು ಮಾಡಿತು. ಕೊರೊನಾ ಬಂದ ಮೇಲೆ ಬಳಕೆ ಜಾಸ್ತಿಯಾಯಿತು.

ಕರೆ ಕೂಡಿಸಿಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. ಬಿಪಿ 170/100 ಇತ್ತು. ಡಾಕ್ಟರ್ ಬಿಪಿ ಇಳಿಸುವ ಅಮ್ಲೋಡಿಪಿನ್ 5 ಎಂಜಿ ಮಾತ್ರೆ ಬರೆದು, ದಿನಕ್ಕೊಂದು ತಗೊಳ್ಳಿ, ಗೊತ್ತಾಯ್ತಾ ಅಂದರು. ಅಜ್ಜಿ ಪರದೆಗೆ ಕೈ ಮುಗಿದು "ಹ್ಞೂಂ ಸ್ವಾಮಿ" ಅಂದರು. ಮತ್ತೆ ಬಂದಿದ್ದು ಮೂರು ತಿಂಗಳ ಮೇಲೆ. ಬಿಪಿ 180 ದಾಟಿತ್ತು. "ಮಾತ್ರೆ ಮುಗೀತು, ತಲೆಸುತ್ತೂ ಹೋಯ್ತು. ಮತ್ಯಾಕಮ್ಮ?" ಅಂದರು. ಜ್ವರದ ಮಾತ್ರೆಯ ಹಾಗೆ, ವಾಸಿಯಾದರೆ ನಿಲ್ಲಿಸಬಹುದು ಅಂತ ತಾನೇ ಅವರು ತಿಳಿದದ್ದು? ದಿನಾ, ಬಿಡದೆ ಅಂತ ಅವರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಅದು ನನಗೆ ಬಹಳ ನೋವು ಕೊಟ್ಟಿತು.

ಅವತ್ತಿನಿಂದ ಕರೆ ಮುಗಿದ ಮೇಲಿನ ಐದು ನಿಮಿಷವನ್ನು ನಾನು ಬಿಡುವುದಿಲ್ಲ. ಮಾತ್ರೆ ಅವರ ಕೈಗೆ ಕೊಟ್ಟು, "ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಿ? ನನಗೆ ಹೇಳಿ" ಅನ್ನುತ್ತೇನೆ. ಗೊತ್ತಾಯ್ತಾ ಅಂತ ಕೇಳಿದರೆ ಎಲ್ಲರೂ ಹ್ಞೂಂ ಅಂತಾರೆ. ಹೇಳಿ ಅಂದಾಗಲೇ ಎಲ್ಲಿ ತಪ್ಪಿದೆ ಅಂತ ತಿಳಿಯುವುದು. ಹೊತ್ತನ್ನೂ ಅವರ ದಿನಚರಿಗೇ ಕಟ್ಟುತ್ತೇನೆ. ಆ ಅಜ್ಜಿಗೆ ಬೆಳಿಗ್ಗೆ ಎಂಟು ಗಂಟೆ ಅಂದರೆ ನೆನಪಿರಲ್ಲ. ಕಾಫಿ ಕುಡಿದ ಲೋಟ ತೊಳೆಯುವ ಮುಂಚೆ ಅಂದರೆ ನೆನಪಿರುತ್ತದೆ. ಅದನ್ನೇ ಅವರ ಎದುರಿಗೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸಿದೆ, ಅಜ್ಜಿಯ ಒಪ್ಪಿಗೆ ಕೇಳಿಯೇ. ಈಗ ಅವನು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾನೆ. ಮಾತ್ರೆ ಮುಗಿಯುವ ಎರಡು ದಿನ ಮೊದಲು ಆಶಾ ಅಕ್ಕ ಮನೆ ಕಡೆ ಹೋಗಿ ಬರುತ್ತಾರೆ.

ಕರೆಗೆ ಮುಂಚಿನ ತಯಾರಿಯೂ ಅಷ್ಟೇ ಮುಖ್ಯ. ನಡೆದು ಬಂದವರನ್ನು ಐದು ನಿಮಿಷ ಸುಮ್ನೆ ಕೂರಿಸಿ ಆಮೇಲೆ ಬಿಪಿ ನೋಡುತ್ತೇನೆ, ಎರಡು ಸಲ. ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನೂ ಚೀಲದಿಂದ ತೆಗೆಸುತ್ತೇನೆ. ನಮ್ಮ ಮಳೆಗಾಲದಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತದೋ ಹೇಳಲಾಗದು. ಎಲ್ಲ ಬರೆದಿಟ್ಟಿದ್ದರೆ ಸಿಕ್ಕ ಎರಡೇ ನಿಮಿಷದಲ್ಲಿ ಡಾಕ್ಟರಿಗೆ ವಿಷಯ ಮುಟ್ಟುತ್ತದೆ.

ಇನ್ನೊಂದು ಮಾತು. ಹೆಂಗಸರು ಮುಟ್ಟಿನ ತೊಂದರೆಯನ್ನು ಲೌಡ್ ಸ್ಪೀಕರಿನಲ್ಲಿ ಹೇಳುವುದಿಲ್ಲ, ಹೊರಗೆ ಬೆಂಚಿನ ಮೇಲೆ ಊರಿನವರೇ ಕೂತಿರುತ್ತಾರಲ್ವಾ? ನನ್ನ ದುಡ್ಡಿನಲ್ಲೇ ಒಂದು ಇಯರ್‌ಫೋನ್ ತಂದಿಟ್ಟೆ. ಬಾಗಿಲು ಹಾಕಿ, ಅದನ್ನು ಅವರ ಕಿವಿಗೆ ಕೊಟ್ಟು, ಕರೆದಾಗ ಬರ್ತೀನಿ ಅಂತ ಹೊರಗೆ ನಿಲ್ಲುತ್ತೇನೆ.