ಹುಬ್ಬಿಗೆ ಹಚ್ಚೆಯೋ, ಬಣ್ಣವೋ? ಮೊದಲು ಪೆನ್ಸಿಲ್ ಹಿಡಿಯಿರಿ

ಮದುವೆಗೆ ಎಂಟು ದಿನ ಇರುವಾಗ ನಮ್ಮ ಚಿಕ್ಕಮ್ಮನ ಮಗಳು ಹೋಗಿ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಂಡು ಬಂದಳು. ಅರಿಶಿನ ಶಾಸ್ತ್ರದ ದಿನ ಹುಬ್ಬಿನ ತುಂಬ ಹಕ್ಕಳೆ. ಧಾರೆಯ ಹೊತ್ತಿಗೆ ಒಂದು ಹುಬ್ಬು ಕಪ್ಪು, ಇನ್ನೊಂದು ಅರ್ಧ ಮಾಯ. ಫೋಟೊ ತೆಗೆಯುವವನು ಪಾಪ, ಒಂದೇ ಕಡೆಯಿಂದ ತೆಗೆಯುತ್ತಿದ್ದ. ತಿಂಗಳಾದ ಮೇಲೆ ಅದೇ ಹುಬ್ಬು ಚೆನ್ನಾಗಿ ಕಂಡಿತು ಅನ್ನಿ. ಆದರೆ ಆಲ್ಬಂ ಅಷ್ಟರಲ್ಲಿ ಪ್ರಿಂಟಾಗಿತ್ತು.

ಹಾಗಾಗಿ ಏನೇ ಮಾಡಿಸುವ ಮುಂಚೆ ಯಾವುದು ಏನು ಅಂತ ತಿಳಿದುಕೊಳ್ಳಿ. ಮೈಕ್ರೋಬ್ಲೇಡಿಂಗ್, ಪೌಡರ್ ಬ್ರೋ ಎರಡೂ ಹಚ್ಚೆಯ ವಂಶದವು. ಸೂಜಿಯಿಂದ ಚರ್ಮದೊಳಗೆ ಬಣ್ಣ ಇಳಿಸುತ್ತಾರೆ, ಮೊದಲನೆಯದರಲ್ಲಿ ಕೂದಲಿನಂಥ ಸಣ್ಣ ಗೆರೆಗಳಾಗಿ, ಎರಡನೆಯದರಲ್ಲಿ ಪುಡಿ ಹಚ್ಚಿದಂತೆ ಕಾಣುವ ಚುಕ್ಕಿಗಳಾಗಿ. ಅಜ್ಜಿಯ ಮುಂಗೈ ಹಚ್ಚೆಯಷ್ಟು ಆಳಕ್ಕೆ ಹೋಗದ ಕಾರಣ ಸಾಮಾನ್ಯವಾಗಿ 1ರಿಂದ 3 ವರ್ಷದಲ್ಲಿ ಮಾಸುತ್ತದೆ. ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಕೆಲವರಿಗೆ ಕೆಂಪು ಕಲೆಯೋ ಬೂದು ಕಲೆಯೋ ಉಳಿದುಬಿಡುತ್ತದೆ. ಟಿಂಟ್ ಅಂದರೆ ಹುಬ್ಬಿನ ಕೂದಲಿಗೆ ಹಚ್ಚುವ ಡೈ, 3-4 ವಾರ ಇರುತ್ತದೆ. ಹೆನ್ನಾ, ಅಂದರೆ ಮದರಂಗಿ, ಕೂದಲಿನಲ್ಲಿ ಒಂದು ತಿಂಗಳವರೆಗೆ ನಿಂತರೂ ಚರ್ಮದ ಮೇಲೆ ಒಂದು ವಾರವಷ್ಟೇ. ಬೆವರು ಜಾಸ್ತಿ ಇರುವ ಕರಾವಳಿಯಲ್ಲಿ ಅದೂ ಕಷ್ಟ. ಲ್ಯಾಮಿನೇಷನ್ ಬಣ್ಣದ ಕೆಲಸವೇ ಅಲ್ಲ, ಇರುವ ಕೂದಲನ್ನು ಮೇಲಕ್ಕೆ ಬಾಚಿ ಕೂರಿಸುತ್ತದೆ.

ಹುಬ್ಬು ತೆಳ್ಳಗಾಗಿದ್ದು ಥ್ರೆಡಿಂಗ್‌ನಿಂದಲೇ ಆದರೆ ಇದು ಯಾವುದೂ ಬೇಡ. ನಾಲ್ಕು ತಿಂಗಳು ದಾರ ಮುಟ್ಟಿಸಬೇಡಿ. ನನ್ನ ಹತ್ತಿರ ಕೇಳಲು ಬರುವವರಲ್ಲಿ ಅರ್ಧ ಜನಕ್ಕೆ ನಾನು ಹೇಳುವುದು ಇಷ್ಟೇ. ಹರಳೆಣ್ಣೆ ಹಚ್ಚಿದರೆ ಹೊಳಪು ಬರುತ್ತದೆ. ಕೂದಲು ಹುಟ್ಟುತ್ತದೆ ಅನ್ನುವುದು ನಂಬಿಕೆ.

ಮುಂದಿನದೇ ಎಲ್ಲರೂ ಎಡವುವ ಜಾಗ: ಆಕಾರ. ಪಾರ್ಲರಿಗೆ ಹೋಗಿ ಫೋನಿನಲ್ಲಿ ನಟಿಯ ಫೋಟೊ ತೋರಿಸಿ ಮಲಗಿಬಿಡುತ್ತಾರೆ. ಮಲಗಿದಾಗ ಹಣೆಯ ಚರ್ಮ ಹಿಂದಕ್ಕೆ ಜಾರುತ್ತದೆ, ಹುಬ್ಬಿನ ಜಾಗವೇ ಬದಲಾಗುತ್ತದೆ. ಅದಕ್ಕೇ ಮನೆಯಲ್ಲಿ ಕನ್ನಡಿ ಮುಂದೆ ನೆಟ್ಟಗೆ ಕೂತು ಬರೆದುಕೊಳ್ಳಿ. ಮುಖ ಸಡಿಲವಾಗಿರಲಿ. ಒಂದು ದಾರವನ್ನು ಬಿಗಿಯಾಗಿ ಹಿಡಿದು ಮೂಗಿನ ಹೊಳ್ಳೆಯ ಪಕ್ಕ ಇಡಿ. ಅದು ಕಣ್ಣಿನ ಒಳಮೂಲೆಯ ಮೇಲೆ ಹಾದು ಹುಬ್ಬಿಗೆ ತಾಗುವಲ್ಲಿ ಒಂದು ಚುಕ್ಕಿ, ಹುಬ್ಬು ಅಲ್ಲಿಂದ ಶುರು. ಅದೇ ದಾರ ಕಣ್ಣಿನ ಕಪ್ಪು ಗುಡ್ಡೆಯ ಹೊರ ಅಂಚಿನ ಮೇಲೆ ಹಾದರೆ ಕಮಾನಿನ ಚುಕ್ಕಿ. ಹೊರಮೂಲೆಯ ಮೇಲೆ ಹಾದರೆ ಬಾಲದ ಚುಕ್ಕಿ. ರಂಗೋಲಿಯ ಹಾಗೆ ಮೂರನ್ನೂ ಸೇರಿಸಿ, ಕಂದು ಪೆನ್ಸಿಲ್ಲಿನಲ್ಲಿ ಸಣ್ಣ ಗೆರೆಗಳನ್ನು ಎಳೆದು ತುಂಬಿ. ಬಾಲ ಶುರುವಿನ ಚುಕ್ಕಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಮುಖ ಸದಾ ಅಳುತ್ತಿರುವಂತೆ ಕಾಣುತ್ತದೆ. ಎರಡು ಹುಬ್ಬೂ ಒಂದೇ ಅಚ್ಚಿನವು ಆಗಬೇಕು ಅನ್ನುವ ಹಠ ಬೇಡ. ಮುಖದ ಎರಡು ಬದಿಯೇ ಒಂದೇ ತರ ಇರುವುದಿಲ್ಲ, ಅಲ್ವಾ?

ಸೆಲ್ಫಿ ನೋಡಿ ತೀರ್ಮಾನಿಸಬೇಡಿ. ಹತ್ತಿರದಿಂದ ತೆಗೆದರೆ ಮುಖ ಎಳೆದಂತೆ ಬರುತ್ತದೆ. ಹಗಲು ಬೆಳಕಿನಲ್ಲಿ ನಾಲ್ಕೈದು ಅಡಿ ದೂರದಿಂದ ಯಾರಾದರೂ ತೆಗೆಯಲಿ. ಆಮೇಲೆ ಎರಡು ವಾರ ದಿನಾ ಅದೇ ಆಕಾರ ಬರೆದುಕೊಂಡು ಆಫೀಸಿಗೆ, ತರಕಾರಿಗೆ ಓಡಾಡಿ. ಹತ್ತನೇ ದಿನಕ್ಕೇ ಬೇಜಾರು ಬಂತಾ? ಸೂಜಿ ಬೇಡ, ಟಿಂಟ್ ಸಾಕು. ಒರೆಸಿದಾಗಲೆಲ್ಲ ಏನೋ ಕಳೆದುಕೊಂಡ ಹಾಗೆ ಆಗುತ್ತಿದ್ದರೆ ಮಾತ್ರ ಮೈಕ್ರೋಬ್ಲೇಡಿಂಗ್ ಯೋಚಿಸಿ. ಎಣ್ಣೆ ಚರ್ಮದವರಿಗೆ ಅದರ ಸಣ್ಣ ಗೆರೆಗಳು ಬೇಗ ಕದಡುತ್ತವೆ. ಅಂಥವರು ಪೌಡರ್ ಬ್ರೋ ಕೇಳಿ.

ಟಿಂಟ್ ಆಗಲಿ ಹೆನ್ನಾ ಆಗಲಿ, 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ನೋಡಲೇಬೇಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಲ್ಯಾಶ್ ಲೂರ್ ಅನ್ನುವ ರೆಪ್ಪೆ-ಹುಬ್ಬಿನ ಬಣ್ಣ ಕೆಲವರ ಕಣ್ಣನ್ನೇ ತೆಗೆದಿತ್ತು. ಅದರಲ್ಲಿದ್ದ ಪಿಪಿಡಿ ಅನ್ನುವ, ಅಲರ್ಜಿ ತರಬಲ್ಲ ಬಣ್ಣದ ರಾಸಾಯನಿಕ ಇವತ್ತಿನ ಎಷ್ಟೋ ತಲೆಕೂದಲ ಡೈಗಳಲ್ಲೂ ಇದೆ. ಮದರಂಗಿ ಸ್ವತಃ ಕಪ್ಪು ಬಣ್ಣ ಕೊಡುವುದಿಲ್ಲ. ಕಡುಕಪ್ಪು ಹೆನ್ನಾ ಅಂತ ಬರೆದಿದ್ದರೆ ಪಿಪಿಡಿ ಇದೆಯಾ ಅಂತ ಪೊಟ್ಟಣ ತಿರುಗಿಸಿ ಓದಿ. ಉಳಿದ ತಲೆ ಡೈಯನ್ನು ಹುಬ್ಬಿಗೆ ಬಳಿಯುವ ಉಳಿತಾಯವಂತೂ ಬೇಡವೇ ಬೇಡ.

ಬಸುರಿಯರು, ಕೆಲಾಯ್ಡ್ (ಗಾಯದ ಕಲೆ ಉಬ್ಬಿ ಬೆಳೆಯುವುದು) ಆಗುವ ಚರ್ಮದವರು ಸೂಜಿಯಿಂದ ದೂರ ಇರಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೊಡವೆಗೆ ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಬೇಡಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ.

ಇನ್ನು ಸೂಜಿ ಕೆಲಸದ ದಿನದ ಲೆಕ್ಕ. ಮೊದಲ ಮೂರ್ನಾಲ್ಕು ದಿನ ಹುಬ್ಬು ಕಾಡಿಗೆ ಬಳಿದಂತೆ ದಪ್ಪ. ಒಂದು ವಾರದ ಹೊತ್ತಿಗೆ ಹಕ್ಕಳೆ. ಕೆರೆದರೆ ಬಣ್ಣವೂ ಕಿತ್ತು ಬರುತ್ತದೆ. ಎರಡನೇ ವಾರ ಬಣ್ಣ ಹೋಯಿತೇನೋ ಅನ್ನಿಸುತ್ತದೆ. ಗಾಬರಿಯಾಗಬೇಡಿ, ತಿಂಗಳಿಗೆ ಮೇಲೆ ಬರುತ್ತದೆ. ಆರೆಂಟು ವಾರಕ್ಕೆ ಟಚಪ್, ಅಂದರೆ ಬಣ್ಣ ಬಿಟ್ಟ ಕಡೆ ಮತ್ತೆ ತುಂಬುವುದು. ಹಾಗಾಗಿ ಮದುವೆಗೆ ಮೂರು ತಿಂಗಳು ಮುಂಚೆ ಶುರು ಮಾಡಿ. ಟಚಪ್ ದುಡ್ಡು ಮೊದಲ ಬಿಲ್ಲಿನಲ್ಲೇ ಸೇರಿದೆಯಾ ಅಂತ ಆವತ್ತೇ ಕೇಳಿಕೊಳ್ಳಿ.