ನಕ್ಸೋಸ್‌ನಲ್ಲಿ ಹತ್ತು ರಾತ್ರಿ, ಒಂದೇ ಕೋಣೆ

"ಗ್ರೀಸ್‌ವರೆಗೂ ಹೋಗಿ ನಕ್ಸೋಸ್ ಅನ್ನೋ ಒಂದೇ ದ್ವೀಪದಲ್ಲಿ ಕೂತು ಬರ್ತೀರಾ ಅತ್ತಿಗೆ? ಸ್ಯಾಂಟೊರಿನಿನೂ ಇಲ್ವಾ?" ಅಂತ ಮೈದುನ ಕೇಳಿದಾಗ ನಮ್ಮನೆಯವರೂ ಅವನ ಕಡೆಗೇ ವಾಲಿದರು. ವಿಮಾನಕ್ಕೆ ಅಷ್ಟು ದುಡ್ಡು ಕೊಟ್ಟ ಮೇಲೆ ನಾಲ್ಕು ಜಾಗ ನೋಡದೆ ಬರುವುದು ನಷ್ಟ ಅನ್ನುವುದು ನಮ್ಮ ಮನೆಯ ಲೆಕ್ಕ. ಅದೇ ಲೆಕ್ಕ ಹಾಕಿಕೊಂಡು 2022ರ ಜುಲೈನಲ್ಲಿ ಹೋಗಿ ನಾವು ಕೈ ಸುಟ್ಟುಕೊಂಡಿದ್ದೆವು.

ಆ ಸಲ ಮೂರು ದ್ವೀಪ, ಮೈಕೊನೋಸ್ 2 ರಾತ್ರಿ, ಪಾರೋಸ್ 2 ರಾತ್ರಿ, ಸ್ಯಾಂಟೊರಿನಿ 3 ರಾತ್ರಿ ಅಂತ ಪ್ಲಾನ್. ಪಾರೋಸ್‌ನಿಂದ ಹೊರಡುವ ದಿನ ಬೆಳಿಗ್ಗೆಯಿಂದಲೇ ಮೆಲ್ಟೆಮಿ ಬೀಸತೊಡಗಿತು. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಬೀಸುವ ಬಡಗಣ ಗಾಳಿ ಅದು, ಜುಲೈ ಆಗಸ್ಟ್‌ನಲ್ಲಿ ಅದರ ಜೋರು ಹೆಚ್ಚು. ಹಡಗುಗಳು ಹೊರಡಬಾರದು ಅಂತ ಬಂದರಿನವರು ಆದೇಶ ಕೊಟ್ಟರು. ಎರಡು ದಿನ ಸೂಟ್‌ಕೇಸಿನ ಮೇಲೆ ಕೂತೆವು. ಹಡಗಿನ ಟಿಕೆಟ್ ದುಡ್ಡೇನೋ ವಾಪಸ್ ಬಂತು. ಆದರೆ ಮುಂಗಡ ಕಟ್ಟಿದ್ದ ಕೋಣೆಯ ಎರಡು ರಾತ್ರಿಯ ಬಾಡಿಗೆ, ಸುಮಾರು 420 ಯೂರೊ, ಅಂದಿನ ರೇಟಿನಲ್ಲಿ 34 ಸಾವಿರ ರೂಪಾಯಿ, ಹೋಗೇ ಹೋಯಿತು. ಸ್ಯಾಂಟೊರಿನಿಯಲ್ಲಿ ಸಿಕ್ಕ ಒಂದೇ ರಾತ್ರಿಯಲ್ಲಿ ಇಬ್ಬರೂ ಮಾತು ಬಿಟ್ಟು ಮಲಗಿದೆವು. ಒಟ್ಟು ಖರ್ಚು 4 ಲಕ್ಷ ದಾಟಿತ್ತು. ಸಮುದ್ರಕ್ಕೆ ಇಳಿದದ್ದು ಒಂದೇ ಸಲ, ಅದೂ ಮೊಣಕಾಲವರೆಗೆ.

ಈ ಬಾರಿ ಒಂದೇ ದ್ವೀಪ, ಅದೂ ಸೆಪ್ಟೆಂಬರ್‌ನಲ್ಲಿ ಅಂತ ಹಟ ಹಿಡಿದೆ. ಆಗಸ್ಟ್ 15 ಅಲ್ಲಿ ಮೇರಿಯಮ್ಮನ ದೊಡ್ಡ ಹಬ್ಬ, ಗ್ರೀಕರೇ ದ್ವೀಪಗಳನ್ನು ತುಂಬಿಕೊಂಡಿರುತ್ತಾರೆ. ಆ ಜನ ಊರಿಗೆ ಮರಳಿದ ಮೇಲೆ ಬಾಡಿಗೆ ಇಳಿಯುತ್ತದೆ, ಸಮುದ್ರ ಮಾತ್ರ ಬೇಸಿಗೆಯ ಕಾವನ್ನು ಇನ್ನೂ ಹಿಡಿದುಕೊಂಡಿರುತ್ತದೆ. ನಕ್ಸೋಸ್‌ನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಸೈಕ್ಲಾಡಿಸ್ ಅನ್ನುವ ದ್ವೀಪಗಳ ಗುಂಪಿನಲ್ಲೆಲ್ಲ ಇದೇ ದೊಡ್ಡದು, ಹೊಲ ಗದ್ದೆ ಇರುವ ಊರು. ಇಲ್ಲಿನ ಆಲೂಗಡ್ಡೆಗೆ ಗ್ರೀಸಿನಾದ್ಯಂತ ಹೆಸರಿದೆ. ತರಕಾರಿ ಬೆಳೆಯುವ ಜಾಗದಲ್ಲಿ ನನ್ನಂಥ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ ಅನ್ನುವುದು ನನ್ನ ಅಂದಾಜಾಗಿತ್ತು. ಆ ಅಂದಾಜು ಸರಿಯಾಯಿತು.

ವೀಸಾ, ವಿಮೆ, ಟಿಕೆಟ್ಟಿನ ಕಥೆ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಬೆಂಗಳೂರಿನಿಂದ ಗಲ್ಫ್ ಮಾರ್ಗವಾಗಿ ಅಥೆನ್ಸ್. ವಿಮಾನ ನಿಲ್ದಾಣದಿಂದ ಮೆಟ್ರೊದಲ್ಲೇ ನೇರ ಪಿರೇಯಸ್ ಬಂದರಿಗೆ ಹೋಗಿ ಒಂದು ರಾತ್ರಿ ಅಲ್ಲೇ ಮಲಗಿದೆವು. 2024ರ ಸೆಪ್ಟೆಂಬರ್ 10ರ ಬೆಳಿಗ್ಗೆ ದೊಡ್ಡ ಹಡಗು ಹತ್ತಿದೆವು. ವೇಗದ ಹಡಗಿನಲ್ಲಿ ಹೋದರೆ ಒಂದೂವರೆ ಗಂಟೆ ಉಳಿಯಬಹುದು, ಆದರೆ ದರ ಹೆಚ್ಚು, ಗಾಳಿ ಎದ್ದರೆ ಮೊದಲು ನಿಲ್ಲುವುದೂ ಅದೇ. ದೊಡ್ಡ ಹಡಗಿಗೆ ಐದು ಗಂಟೆಗೂ ಸ್ವಲ್ಪ ಹೆಚ್ಚೇ ಹಿಡಿಯಿತು. ಡೆಕ್ಕಿನ ಮೇಲೆ ಕೂತು ಅವಲಕ್ಕಿ ತಿಂದೆವು.

ಕೋಣೆ ಸಿಕ್ಕಿದ್ದು ಖೋರಾದಲ್ಲಿ, ಅಂದರೆ ಬಂದರು ಇರುವ ಮುಖ್ಯ ಊರಿನಲ್ಲಿ. ಆಯಿಯೋಸ್ ಯೆಯೊರ್ಯೊಸ್ ಕಡಲತೀರಕ್ಕೆ ಐದು ನಿಮಿಷದ ನಡಿಗೆ. ಎರಡು ಒಲೆ, ಒಂದು ಸಿಂಕು, ಬಟ್ಟೆ ಒಣಗಿಸಲು ಬಾಲ್ಕನಿ. ರಾತ್ರಿಗೆ 55 ಯೂರೊ. ಇಷ್ಟಕ್ಕೆ ಇಳಿಸಿದ್ದು ಹೇಗೆ, ಯಾವ ತಿಂಗಳು ಯಾರಿಗೆ ಫೋನ್ ಮಾಡಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ನಮಗೇ ಬೇಕು. ಇದರ ಮೇಲೆ ಸರ್ಕಾರದ ಹವಾಮಾನ ಶುಲ್ಕ ಅಂತ ದಿನಕ್ಕೆ ಒಂದಿಷ್ಟು ಬೇರೆ, ಅದನ್ನು ಕೋಣೆ ಬಿಡುವಾಗ ಕೈಯಲ್ಲಿ ಕೊಟ್ಟೆವು.

ಮೊದಲ ಮೂರು ದಿನ ನನಗೂ ಅಳುಕಿತ್ತು. ನಮ್ಮನೆಯವರು ಬೆಳಿಗ್ಗೆ ಎದ್ದ ಕೂಡಲೇ "ಇವತ್ತೇನು ನೋಡೋದು?" ಅನ್ನುವರು. "ಏನೂ ಇಲ್ಲ, ನೀರಿಗೆ ಹೋಗೋದು" ಅಂದರೆ ಮುಖ ಚಿಕ್ಕದು ಮಾಡಿಕೊಳ್ಳುವರು. ನಾಲ್ಕನೇ ದಿನ ಫೋನನ್ನು ಕೋಣೆಯಲ್ಲೇ ಬಿಟ್ಟು ಬಂದರು. ಮದುವೆಯಾಗಿ 27 ವರ್ಷ, ಅವರು ಫೋನ್ ಇಲ್ಲದೆ ಹೊರಟಿದ್ದು ನಾನು ನೋಡಿದ್ದು ಆವತ್ತೇ.

ನನಗೆ ಈಜು ಬರುವುದಿಲ್ಲ. ಗೋಕರ್ಣದಲ್ಲಿ, ಮರವಂತೆಯಲ್ಲಿ ಅಲೆಗೆ ಹೆದರಿ ದಡದಲ್ಲೇ ನಿಂತವಳು. ಆಯಿಯೋಸ್ ಯೆಯೊರ್ಯೊಸ್‌ನಲ್ಲಿ ಬಹಳ ದೂರದವರೆಗೂ ನೀರು ಸೊಂಟದ ಮಟ್ಟಕ್ಕೇ ಇರುತ್ತದೆ. ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ನಮ್ಮ ಕಡಲಿಗಿಂತ ಜಾಸ್ತಿ, ಹಾಗಾಗಿ ಮೈ ತಾನೇ ತೇಲುತ್ತದೆ. ನಮ್ಮನೆಯವರು ನನ್ನ ಬೆನ್ನ ಕೆಳಗೆ ಅಂಗೈ ಹಿಡಿದು ನಿಂತರು. ಐದನೇ ದಿನ ಅಂಗೈ ಯಾವಾಗ ತೆಗೆದರೋ ನನಗೆ ತಿಳಿಯಲೇ ಇಲ್ಲ. ಆಕಾಶ ನೋಡುತ್ತ ತೇಲುತ್ತಿದ್ದೆ. ಕಿವಿಯೊಳಗೆ ನೀರು ಹೊಕ್ಕು ಹೊರಗಿನ ಸದ್ದೆಲ್ಲ ನಿಂತಿತ್ತು. 52ನೇ ವಯಸ್ಸಿನಲ್ಲಿ ಇದು ನನಗೆ ಸಿಕ್ಕಿತು, ಈ ಒಂದಕ್ಕೇ ಪೂರ್ತಿ ದುಡ್ಡು ವಸೂಲಾಯಿತು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಗಾಳಿಯ ಲೆಕ್ಕವನ್ನು ಈ ಸಲ ಕಲಿತೆ. ದಿನವೂ ಬೆಳಿಗ್ಗೆ ಬ್ಯೂಫೋರ್ಟ್ ಅಂಕಿ, ಅಂದರೆ ಗಾಳಿಯ ಜೋರಿನ ಅಳತೆ ನೋಡುವುದು. 4ರ ಒಳಗಿದ್ದರೆ ಯಾವ ತೀರವಾದರೂ ಸರಿ: ಆಯಿಯೋಸ್ ಪ್ರೊಕೋಪಿಯೋಸ್, ಆಯಿಯಾ ಆನ್ನಾ, ಪ್ಲಾಕಾ, ಎಲ್ಲಕ್ಕೂ ಬಸ್ಸಿದೆ, ಟಿಕೆಟ್ ಆಗ 2 ಯೂರೊ ಆಸುಪಾಸು ಇತ್ತು. 5 ಆದರೆ ಮಿಕ್ರಿ ವಿಗ್ಲಾ. ಅಲ್ಲಿ ಕಡಲೊಳಗೆ ಚಾಚಿದ ಗುಡ್ಡದ ಬಡಗಣ ಮಗ್ಗುಲಲ್ಲಿ ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಲ್ಲಿ ಜಾರುವ ಕೈಟ್‌ಸರ್ಫಿಂಗ್‌ನವರು ಹಾರಾಡುತ್ತಿರುತ್ತಾರೆ, ತೆಂಕಣ ಮಗ್ಗುಲಲ್ಲಿ ನೀರು ಶಾಂತ. 6 ಅಂದರೆ ಕಡಲಿನ ಆಸೆ ಬಿಟ್ಟು ಗುಡ್ಡದ ಹಳ್ಳಿಗಳಿಗೆ. ಅಲಿಕೋ ಹತ್ತಿರ ಇನ್ನೊಂದು ಪುಟ್ಟ ಕೊಲ್ಲಿ ಇದೆ, ಗಾಳಿ ಇದ್ದ ದಿನವೂ ಅಲ್ಲಿ ನೀರು ಕನ್ನಡಿ. ದಾರಿ ಹೇಳುವುದಿಲ್ಲ, ಆರು ಜನ ಬಂದರೆ ಕೂರಲು ಜಾಗವಿಲ್ಲ.

ಛತ್ರಿ ಕೆಳಗಿನ ಎರಡು ಮಲಗುಕುರ್ಚಿಗೆ ಮೊದಲ ದಿನ 20 ಯೂರೊ ಕೊಟ್ಟು ಹೊಟ್ಟೆ ಉರಿಯಿತು. ಪಕ್ಕದ ಪಾರೋಸ್‌ನಲ್ಲಿ 2023ರಲ್ಲಿ ಊರವರೇ ಟವೆಲ್ ಹಿಡಿದು ಚಳವಳಿ ಮಾಡಿದ್ದರು, ತೀರವನ್ನೆಲ್ಲ ಕುರ್ಚಿಯವರೇ ಹಿಡಿದರೆ ನಾವೆಲ್ಲಿ ಕೂರುವುದು ಅಂತ. ಆಮೇಲೆ ಬಂದ ಕಾನೂನಿನ ಪ್ರಕಾರ ತೀರದ ಅರ್ಧ ಭಾಗ ಖಾಲಿ ಬಿಡಬೇಕು. ಎರಡನೇ ದಿನದಿಂದ ನಾವೂ ಆ ಖಾಲಿ ಅರ್ಧದಲ್ಲಿ ಮೈಸೂರಿನಿಂದ ಒಯ್ದ ಜಮಖಾನ ಹಾಸಿದೆವು. ದಿನಕ್ಕೆ 20 ಅಂದರೆ ಒಂಬತ್ತು ದಿನಕ್ಕೆ 180 ಯೂರೊ ಉಳಿತಾಯ.

ಊಟದಲ್ಲಿ ಒಂದು ಏಟು ಬಿತ್ತು. ಎರಡನೇ ರಾತ್ರಿ ಮೆನುವಿನಲ್ಲಿ ತಿಳಿ ಗುಲಾಬಿ ಬಣ್ಣದ ಚಟ್ನಿಯಂಥದು ಕಂಡಿತು, ಬೀಟ್‌ರೂಟ್ ಇರಬೇಕು ಅಂದುಕೊಂಡು ತರಿಸಿದೆ. ಒಂದು ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು, ತರಾಮೊಸಲಾತಾ, ಮೀನಿನ ಮೊಟ್ಟೆಯದು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನದಿಂದ ಮೂರು ಪದ ಹಿಡಿದುಕೊಂಡೆ. 'ನಿಸ್ಟಿಸಿಮೊ' ಅಂದರೆ ಅವರ ಚರ್ಚಿನ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆದರೆ ಸಿಗಡಿ, ಚಿಪ್ಪು ನಡೆಯುತ್ತದೆ, ಅದನ್ನು ಬೇರೆಯಾಗಿ ಕೇಳಬೇಕು. 'ಲಾದೆರಾ' ಅಂದರೆ ಎಣ್ಣೆಯಲ್ಲಿ ನಿಧಾನ ಬೆಂದ ಬೀನ್ಸು, ಬೆಂಡೆ, ಬದನೆ. ಮೂರನೆಯದು 'ಓರ್ಫಾನಾ', ಅನಾಥ ಅಂತ ಅರ್ಥ. ಟೊಮೆಟೊ, ದೊಣ್ಣೆಮೆಣಸಿನೊಳಗೆ ಅಕ್ಕಿ ತುಂಬಿ ಬೇಯಿಸುವ ಯೆಮಿಸ್ತಾದಲ್ಲಿ ಕೈಮಾ ಇಲ್ಲದಿದ್ದರೆ ಅದು ಅನಾಥ. ಈ ಪದ ನನ್ನ ಬಾಯಲ್ಲಿ ಕೇಳಿ ಒಬ್ಬ ಅಜ್ಜಿ ಅಡುಗೆಮನೆಯಿಂದಲೇ ಹೊರಬಂದು ಕೆನ್ನೆ ಸವರಿದಳು. ಕಟ್ಟುನಿಟ್ಟಿನವರಿಗೆ ಒಂದು ಮಾತು: ಅಲ್ಲಿನ ಗ್ರಾವಿಯೆರಾ ಚೀಸು ರುಚಿ ನಿಜ, ಆದರೆ ಹಳೆಯ ಪದ್ಧತಿಯಲ್ಲಿ ಹಾಲು ಒಡೆಸುವುದು ಎಳೆಯ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ರಸದಿಂದ. ನಾನು ಮುಟ್ಟಲಿಲ್ಲ.

ಮಧ್ಯಾಹ್ನದ ಅಡುಗೆ ಕೋಣೆಯಲ್ಲೇ. ಸಾಸಿವೆ, ಇಂಗು, ಅರಿಶಿನ, ಸಾರಿನ ಪುಡಿ ಮನೆಯಿಂದ. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವಂತಿಲ್ಲ, ಹಾಗಾಗಿ ತುಪ್ಪ ಬಿಟ್ಟೆ. ತೊಗರಿಬೇಳೆಯ ಬದಲಿಗೆ ಅವರ ಫಾವಾ ಬೇಳೆ, ಹುಣಸೆಯ ಬದಲಿಗೆ ನಿಂಬೆ. ಮೊದಲ ಸಲ ಸಾರು ಹೋಗಿ ಗಂಜಿಯಾಯಿತು, ಆ ಬೇಳೆ ಬೆಂದರೆ ಅಂಟುತ್ತದೆ. ಬೇಳೆ ಅರ್ಧಕ್ಕೆ ಇಳಿಸಿ, ಬೆಂದ ಮೇಲೆ ಕಟ್ಟು ಮಾತ್ರ ಬಸಿದು ಮಾಡಿದೆ, ಸರಿಹೋಯಿತು. ನಕ್ಸೋಸ್ ಆಲೂಗಡ್ಡೆಯ ಪಲ್ಯ ಮಾತ್ರ ಮೊದಲ ದಿನವೇ ಗೆದ್ದಿತು. ಬೆಂದರೂ ಹೋಳು ಒಡೆಯುವುದಿಲ್ಲ, ಒಳಗೆ ಬೆಣ್ಣೆಯ ಹಾಗೆ. ಇನ್ನು ಮೊಸರು. ಅವರ ಗಟ್ಟಿ ಮೊಸರನ್ನೇ ಹೆಪ್ಪು ಹಾಕಿ ಬಾಲ್ಕನಿಯಲ್ಲಿಟ್ಟೆ, ರಾತ್ರಿಯ ಗಾಳಿಗೆ ಹಾಲು ಹಾಲಾಗಿಯೇ ಉಳಿಯಿತು. ಮಾರನೆಯ ದಿನ ಪಾತ್ರೆಗೆ ಶಾಲು ಸುತ್ತಿ ಬೀರುವಿನೊಳಗಿಟ್ಟೆ. ಆರೇಳು ಗಂಟೆಗೆ ಕತ್ತರಿಸುವ ಹಾಗೆ ಕೂತಿತು. ಮೊಸರನ್ನದ ಮೇಲೆ ಅಲ್ಲಿನ ದ್ರಾಕ್ಷಿ ಹಾಕಿಕೊಂಡು ತಿಂದು, ಊರೇ ಬಾಗಿಲು ಹಾಕಿಕೊಳ್ಳುವ ಮಧ್ಯಾಹ್ನದ ಹೊತ್ತಿನಲ್ಲಿ ನಾವೂ ಮಲಗಿದೆವು.

ಸೆಪ್ಟೆಂಬರ್ 14 ಅವರಿಗೆ ಶಿಲುಬೆಯ ಹಬ್ಬ. ಚರ್ಚಿನ ಮುಂದೆ ನಿಂತಿದ್ದ ನಮಗೂ ಒಂದೊಂದು ಕೊಂಬೆ ಕೊಟ್ಟರು. ಮೂಗಿಗೆ ಹಿಡಿದರೆ ನಮ್ಮ ಕಾಮಕಸ್ತೂರಿ! ನಮ್ಮನೆಯವರು ಕಿವಿಗೆ ಸಿಕ್ಕಿಸಿಕೊಳ್ಳಲು ಹೋದವರು ಎರಡೂ ಕಣ್ಣಿಗೊತ್ತಿಕೊಂಡರು. ಅದು ಕೋಣೆಯ ಲೋಟದಲ್ಲಿ ಕೊನೆಯವರೆಗೂ ಹಸಿರಾಗಿತ್ತು.

ಗಾಳಿ 6 ಆದದ್ದು ಒಂದೇ ದಿನ. ಬಸ್ಸಿನಲ್ಲಿ ಖಾಲ್ಕಿ ಅನ್ನುವ ಹಳ್ಳಿಗೆ, ಅಲ್ಲಿಂದ ಅಮೃತಶಿಲೆ ಹಾಸಿದ ಓಣಿಗಳ ಅಪೀರಾಂಥೋಸ್‌ಗೆ. ಸಂಜೆಗಳು ಮಾತ್ರ ಬಹುಪಾಲು ಪೋರ್ತಾರಾ ಹತ್ತಿರವೇ. ಕ್ರಿಸ್ತಪೂರ್ವ 530ರ ಸುಮಾರಿಗೆ ಲಿಗ್ದಾಮಿಸ್ ಅನ್ನುವ ಅರಸ ಶುರುಮಾಡಿ ಮುಗಿಯದೇ ಉಳಿದ ಗುಡಿಯ ಬಾಗಿಲುವಾಡ ಅದು, ಆರು ಮೀಟರ್ ಎತ್ತರದ ಬರೀ ಚೌಕಟ್ಟು. ಅದರೊಳಗೆ ಸೂರ್ಯ ಇಳಿಯುವುದನ್ನು ಹತ್ತರಲ್ಲಿ ಏಳು ಸಂಜೆ ನೋಡಿದೆವು, ಏಳೂ ಬೇರೆ ಬೇರೆಯಾಗಿದ್ದವು.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಇಬ್ಬರಿಗೂ ಸೇರಿ. ವಿಮಾನ 1 ಲಕ್ಷ 15 ಸಾವಿರ. ವೀಸಾ, ವಿಮೆ 25 ಸಾವಿರ. ಹಡಗು ಹೋಗಿ ಬರಲು 17 ಸಾವಿರ. ಕೋಣೆ 51 ಸಾವಿರ, ಪಿರೇಯಸ್ ಮತ್ತು ಅಥೆನ್ಸ್‌ನ ಎರಡು ರಾತ್ರಿ 14 ಸಾವಿರ. ಊಟ, ದಿನಸಿ 28 ಸಾವಿರ, ಬಸ್ಸು ಚಿಲ್ಲರೆ 10 ಸಾವಿರ. 2 ಲಕ್ಷ 60 ಸಾವಿರದ ಆಸುಪಾಸು. ಎರಡು ವರ್ಷದ ಹಿಂದಿನ ಜಗಳಕ್ಕೆ 4 ಲಕ್ಷ ಕೊಟ್ಟಿದ್ದೆವು.

ಮೊನ್ನೆ ಮೈದುನ ಫೋನ್ ಮಾಡಿ, "ಅತ್ತಿಗೆ, ನಾವೂ ಹೋಗೋಣ ಅಂತಿದ್ದೀವಿ, ಡೇಟ್ ಹೇಳಿ" ಅಂದ. ತಾರೀಖು ಹೇಳಿದೆ, ಬೆಳಗಿನ ಹಡಗು ಹೇಳಿದೆ, ಮೂರು ಗ್ರೀಕ್ ಪದ ಬರೆಸಿದೆ. "ನಾಲ್ಕನೇ ದಿನದವರೆಗೂ ಬೇಜಾರಾದ್ರೆ ಹೆದರಬೇಡ, ಐದನೇ ದಿನ ಸರಿಹೋಗುತ್ತೆ" ಅಂತಲೂ ಹೇಳಿದೆ. ನಮ್ಮನೆಯವರು ಪಕ್ಕದಿಂದ, "ಜಮಖಾನ ಮರೀಬೇಡ ಅನ್ನು" ಅಂದರು.